ಪರೀಕ್ಷೆಗೆ ಮನೆಯ ನಂಬರು

ಪೆರುಂಗುಡಿಯ ಒಂದು ಸಾಗಣೆ ಕಂಪನಿಯಲ್ಲಿ ಯುನಿಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಕಮಲಾಕರ ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂಥವನು. ಯಾರ ಕಂಪ್ಯೂಟರ್ ಕೆಟ್ಟರೂ ಊಟ ಬಿಟ್ಟು ಓಡುತ್ತಿದ್ದ. ಮನೆಯ ನಲ್ಲಿ ಮಾತ್ರ ಸೋರುತ್ತಲೇ ಇತ್ತು.

ತೊಂಬತ್ತೆಂಟರ ಆ ಬೇಸಿಗೆಯಲ್ಲಿ ಹೆಂಡತಿ ಚಂದ್ರಮತಿಗೆ ಎಂಟು ತಿಂಗಳು ತುಂಬಿತ್ತು. ರಕ್ತದೊತ್ತಡ ಏರಿದ್ದರಿಂದ ಡಾಕ್ಟರು ಮಂಚ ಬಿಟ್ಟಿಳಿಯಬಾರದೆಂದಿದ್ದರು. ಪುರಸೈವಾಕ್ಕಂನ ಮಹಡಿ ಮನೆಯಲ್ಲಿ ಫೋನನ್ನು ಅವಳ ದಿಂಬಿನ ಪಕ್ಕಕ್ಕೇ ಎಳೆದಿಟ್ಟಿದ್ದರು. ಅಂದು ಕಮಲಾಕರನ ತಾಯಿಯೂ ಕೋಡಂಬಾಕ್ಕಂಗೆ ಒಂದು ಮದುವೆಗೆ ಹೋಗಿದ್ದರು.

“ತಲೆ ಸುತ್ತಿದ್ರೆ ಮೊದ್ಲು ಡಾಕ್ಟರಿಗೆ ಫೋನ್ ಮಾಡು, ಆಮೇಲೆ ನಂಗೆ,” ಎಂದು ಹೇಳಿ ಕಮಲಾಕರ ಕೆಲಸಕ್ಕೆ ಬಂದಿದ್ದ.

ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಪೆಟ್ಟಿಗೆ, ಮೋಡೆಮ್, ಮುಂಬಯಿ ಶಾಖೆಗೆ ತಾನಾಗಿಯೇ ಫೋನ್ ಮಾಡುವಂತೆ ಅವನು ಸ್ಕ್ರಿಪ್ಟ್ ಬರೆಯಬೇಕಿತ್ತು. ಈ ನಂಬರು ಒತ್ತು, ಆ ಕಡೆಯ ಮೋಡೆಮ್ ಓಗೊಡುವವರೆಗೆ ಕಾಯಿ, ಓಗೊಡದಿದ್ದರೆ ಇಟ್ಟು ಮತ್ತೆ ಒತ್ತು. ಮುಂಬಯಿ ಲೈನು ಮಹಾ ಸೋಮಾರಿ ಎಂದು ಕಾಯುವ ಹೊತ್ತನ್ನು ಧಾರಾಳವಾಗಿ ಹೆಚ್ಚಿಸಿದ.

ಹೊಸ ಸ್ಕ್ರಿಪ್ಟನ್ನು ಮೊದಲು ಮನೆಯ ನಂಬರಿಗೆ ಹೊಡೆದು ನೋಡುವುದು ಅವನ ರೂಢಿ. ಚಂದ್ರಮತಿ ಎತ್ತಿ, ಮೋಡೆಮಿನ ಕುಂಯ್ ಕುಂಯ್ ಕೇಳಿ, “ಬಂತು ನಿಮ್ಮ ನಾಯಿಮರಿ” ಎಂದು ನಕ್ಕು ಇಟ್ಟುಬಿಡುತ್ತಿದ್ದಳು. ಅವತ್ತೂ ಮೋಡೆಮಿನ ಸ್ಪೀಕರಿನಲ್ಲಿ ಆ ನಗು ಕೇಳಿಸಿತು. ಇನ್ನೇನು ಸ್ಕ್ರಿಪ್ಟ್ ನಿಲ್ಲಿಸಿ ಮುಂಬಯಿ ನಂಬರು ಹಾಕಬೇಕು, ಅಷ್ಟರಲ್ಲಿ ಮ್ಯಾನೇಜರ್ ಸದಾನಂದರು ಕೂಗಿದರು.

“ಆ ಕಿರಿಕಿರಿ ನಿಲ್ಸಪ್ಪಾ. ಬಂದು ನನ್ನ ಪ್ರಿಂಟರ್ ನೋಡು.”

ಕಮಲಾಕರ ಸ್ಪೀಕರಿನ ತಿರುಪನ್ನು ಸೊನ್ನೆಗಿಟ್ಟು ಎದ್ದ. ಉಪಕಾರ ಮಾಡುವ ಅವಸರದಲ್ಲಿ ಮನೆಯ ನಂಬರು ಹಾಗೇ ಉಳಿಯಿತು, ಸ್ಕ್ರಿಪ್ಟೂ ಓಡುತ್ತಲೇ ಇತ್ತು.

ಪ್ರಿಂಟರ್ ಸರಿಮಾಡಿ ಸದಾನಂದರ ಮೇಜಿನ ಫೋನಿನಿಂದ ಮನೆಗೆ ಮಾಡಿದ. ಎಂಗೇಜ್. ತವರಿನವರ ಹತ್ತಿರ ಹರಟುತ್ತಿದ್ದಾಳೆ, ಹಾಗಾದರೆ ಆರಾಮಾಗಿದ್ದಾಳೆ ಎಂದು ನೆಮ್ಮದಿಯಿಂದ ಮೊಸರನ್ನ ಉಂಡ. ಕೈತೊಳೆದು ಮತ್ತೆ ಮಾಡಿದ. ಎಂಗೇಜ್. ಸ್ವಲ್ಪ ತಡೆದು ಮಾಡಿದರೂ ಅದೇ. ಅಷ್ಟು ಹೊತ್ತು ಮಾತಾಡುವವಳಲ್ಲ ಅವಳು. ಅವನಿಗೆ ಹೆದರಿಕೆಯಾಯಿತು.

ಆಗ, ಲೈನು ಹಿಡಿದಿದೆ ಎಂದು ತೋರಿಸುವ ಮೋಡೆಮಿನ ಕೆಂಪು ದೀಪ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಸ್ಪೀಕರಿನ ತಿರುಪು ತಿರುಗಿಸಿದ.

“ಇವ್ರೇ, ಫೋನ್ ಇಡಿ,” ಎನ್ನುತ್ತಿದ್ದಳು ಚಂದ್ರಮತಿ. ನಾಲಗೆ ತೊದಲುತ್ತಿತ್ತು. “ಕಣ್ಣು ಕತ್ಲೆ ಬರ್ತಾ ಉಂಟು. ಡಾಕ್ಟರಿಗೆ ಮಾಡುವ ಅಂದ್ರೆ ನಿಮ್ಮ ನಾಯಿಮರಿ ಲೈನೇ ಬಿಡೂದಿಲ್ಲ. ಇಟ್ರೂ ಪುನಃ ಬರ್ತದೆ. ಇಡಿ ಮಾರಾಯ್ರೇ.”

ಕರೆದವರು ಇಡುವ ತನಕ ಎತ್ತಿದವರಿಗೆ ಲೈನು ಸಿಗದ ಕಾಲ ಅದು. “ಚಂದ್ರಾ” ಎಂದು ಅವನು ಆ ಪೆಟ್ಟಿಗೆಗೆ ಬಾಯಿಟ್ಟು ಕೂಗಿದ. ಅದಕ್ಕೆ ಅವಳ ಮಾತನ್ನು ತರುವುದು ಗೊತ್ತಿತ್ತು, ಅವನ ಮಾತನ್ನು ಒಯ್ಯುವುದು ಗೊತ್ತಿರಲಿಲ್ಲ.

ವೈರು ಕಿತ್ತೆಸೆದು ಸದಾನಂದರ ಮೇಜಿಗೆ ಓಡಿದ. ಮನೆಯ ನಂಬರು ಒತ್ತಿದ. ಈಗ ಲೈನು ಖಾಲಿಯಿತ್ತು. ಅವಳ ದಿಂಬಿನ ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.