ಸಾಲುಕಂಬ ಕಟ್ಟಿದವರು

ನಮ್ಮ ಭಾವನಿಗೆ ಊರಲ್ಲಿ ಈಗ ಆಕಾಶ ಮೇಷ್ಟ್ರು ಎಂದೇ ಹೆಸರು. ಮೊದಲು ಬರೀ ಮೇಷ್ಟ್ರಾಗಿದ್ದರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ ಬಹಳ ಕಾಲ ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು. ಆಮೇಲೆ ಮೊಬೈಲ್ ನೋಡಿದರು. ಪ್ರಪಂಚದ ಹಳೆಯ ಕಟ್ಟಡಗಳನ್ನೆಲ್ಲ ಬೇರೆ ಗ್ರಹದವರು ಬಂದು ಕಟ್ಟಿಕೊಟ್ಟು ಹೋದರು ಎಂದು ಅದರಲ್ಲಿ ಯಾರೋ ಹೇಳುತ್ತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಭಾವ ನಂಬಿದ್ದಷ್ಟೇ ಅಲ್ಲ, ತಾವೇ ವಿಡಿಯೊ ಮಾಡಲು ಶುರುಮಾಡಿ ನಮ್ಮೂರ ಸಾಲುಕಂಬವನ್ನೂ ಆ ಗ್ರಹದವರ ಖಾತೆಗೆ ಹಾಕಿಬಿಟ್ಟರು.

ಸಾಲುಕಂಬ ಎಂದರೆ ಊರಾಚೆಯ ಹಳೆಯ ಕಲ್ಲುಮಂಟಪ. ಉದ್ದಕ್ಕೆ ಕಂಬಗಳು, ಕಂಬಗಳ ಮೇಲೆ ತೊಲೆಗಳು, ತೊಲೆಗಳ ಮೈಮೇಲೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಳ್ಳಿಯ ಕೆತ್ತನೆ. ಅದರ ದುರಸ್ತಿಯ ಹೊಣೆ ನನ್ನದು. ನಾನು ಎಂಜಿನಿಯರ್. ಸೋರುವ ಚಾವಣಿಗೆ ಗಾರೆ ಹಾಕಿಸಿ, ಬಿರುಕು ಬಿಟ್ಟ ತೊಲೆಗೆ ಆಸರೆ ಕೊಡಿಸಿ ಅದರ ಜೊತೆ ವರ್ಷಗಟ್ಟಲೆ ಏಗಿದ್ದೇನೆ. ಗಂಡನ ಮುಖಕ್ಕಿಂತ ಆ ಕಲ್ಲಿನ ಮುಖವನ್ನೇ ಹೆಚ್ಚು ನೋಡಿದ್ದೇನೆ. ಇದು ನನ್ನ ಮಾತಲ್ಲ, ನನ್ನ ಗಂಡನದು.

ದುರಸ್ತಿ ಮುಗಿಯುತ್ತಾ ಬಂದಾಗ ಹೊರಬಾಗಿಲಿಗೆ ಒಂದು ಫಲಕ ಹಾಕಿಸಬೇಕಾಯಿತು. ಪ್ರವಾಸಿ ಸಮಿತಿಗೆ ಅಧ್ಯಕ್ಷರು ಲಾಡ್ಜಿನ ಯಜಮಾನರು. ಭಾವನ ವಿಡಿಯೊ ನೋಡಿದವರು ದೂರದೂರದಿಂದ ಬಂದು ಅವರ ಲಾಡ್ಜಿನಲ್ಲಿ ಇಳಿದುಕೊಳ್ಳುತ್ತಿದ್ದರು. ಹಾಗಾಗಿ ಫಲಕದಲ್ಲಿ ಏನಿರಬೇಕೆಂದು ಅವರು ಮೊದಲೇ ಯೋಚಿಸಿ ಇಟ್ಟಿದ್ದರು.

"'ಬಾಹ್ಯಾಕಾಶದಿಂದ ಬಂದವರು ಕಟ್ಟಿದ್ದೇ?' ಅಂತ ದೊಡ್ಡದಾಗಿ ಬರೆಸೋಣ," ಎಂದರು.

"ಅದು ಸುಳ್ಳಲ್ವಾ ಸಾರ್?"

"ಕೊನೇಲಿ ಪ್ರಶ್ನೆಚಿಹ್ನೆ ಇದೆಯಲ್ಲಮ್ಮ. ಪ್ರಶ್ನೆಚಿಹ್ನೆ ಹಾಕಿದ್ರೆ ಯಾವುದೂ ಸುಳ್ಳಾಗಲ್ಲ."

"ಹಾಗಾದ್ರೆ ನಿಮ್ಮ ಲಾಡ್ಜ್ ಮುಂದೆ 'ಇಲ್ಲಿ ತಿಗಣೆ ಇದೆಯೇ?' ಅಂತ ಬರೆಸಿ. ಪ್ರಶ್ನೆಚಿಹ್ನೆ ಬೇಕಾದ್ರೆ ನಾನೇ ಹಾಕ್ತೀನಿ."

ಸಮಿತಿಯವರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಹಾಗಿದ್ದರೆ ಊರೇ ತೀರ್ಮಾನ ಮಾಡಲಿ, ಭಾನುವಾರ ಬೆಳಿಗ್ಗೆ ಪುರಭವನದಲ್ಲಿ ಚರ್ಚೆ ಇಡೋಣ, ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ನೀವು, ಕೊನೆಯಲ್ಲಿ ಜನ ಕೈ ಎತ್ತಿದ ಹಾಗೆ ಫಲಕ ಎಂದುಬಿಟ್ಟರು. ಕೈ ಎತ್ತಿಸಿ ಸತ್ಯ ತೀರ್ಮಾನ ಮಾಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ನಾನು ಹೋಗದಿದ್ದರೆ ಕೇಳುವವರಿಲ್ಲ ಎಂದಾಗುತ್ತದೆ. ಬರುತ್ತೇನೆ ಎಂದೆ.

ಶನಿವಾರ ಅಕ್ಕ ಕರೆಸಿಕೊಂಡಳು. ನಮ್ಮಮ್ಮ ತೀರಿಕೊಂಡಾಗ ನಾನಿನ್ನೂ ಚಿಕ್ಕವಳು. ಬೆಳೆದದ್ದು ಅಕ್ಕನ ಮನೆಯಲ್ಲೇ, ಓದಿಸಿದವರು ಭಾವ. ಆ ಮನೆಯ ಉಪ್ಪು ತಿಂದವಳು ನಾನು. ಅಕ್ಕ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಾ ಕೂತಿದ್ದಳು. ಭಾವ ಒಳಕೋಣೆಯಲ್ಲಿ ನಾಳೆಯ ಭಾಷಣವನ್ನು ಕನ್ನಡಿಯ ಮುಂದೆ ಒಪ್ಪಿಸುತ್ತಿದ್ದರು. ಬಾಗಿಲು ಹಾಕಿದ್ದರೂ ಅವರ ಕ್ಲಾಸಿನ ದನಿ ಹೊರಗೆ ಕೇಳುತ್ತಿತ್ತು.

"ನಾಳೆ ಸ್ವಲ್ಪ ಸೋತುಬಿಡೇ," ಎಂದಳು ಅಕ್ಕ.

"ಸ್ವಲ್ಪ ಸೋಲೋದು ಹೇಗಕ್ಕ?"

"ತಮಾಷೆ ಬೇಡ. ಅವರು ಗೋಡೆ ನೋಡ್ಕೊಂಡು ಕೂತಿದ್ದು ನೀನು ಕಂಡಿದ್ದೀಯ. ತಟ್ಟೆ ಮುಂದಿಟ್ರೆ ಕೈ ಹಾಕ್ತಿರ್ಲಿಲ್ಲ. ಈಗ ಹೊತ್ತೊತ್ತಿಗೆ ಹಸಿವಾಗುತ್ತೆ. ಶರ್ಟ್ ಇಸ್ತ್ರಿ ಮಾಡು ಅಂತ ಕೇಳ್ತಾರೆ. ಯಾರು ಕಟ್ಟಿದ್ರೆ ನಮಗೇನೇ? ಕಟ್ಟಿದವರು ಸತ್ತು ಎಷ್ಟೋ ಕಾಲ ಆಯ್ತು. ಇವರು ಬದುಕಿದ್ದಾರೆ."

ನಾನು ರಾಶಿಯಿಂದ ಒಂದು ಬಟ್ಟೆ ಎಳೆದುಕೊಂಡು ಮಡಚತೊಡಗಿದೆ. ಗೆದ್ದರೆ ಈ ಮನುಷ್ಯ ಮತ್ತೆ ಆ ಕುರ್ಚಿಗೆ ಹೋಗಿ ಕೂರಬಹುದು, ನನ್ನನ್ನು ಮತ್ತೆ ಮಾತಾಡಿಸದೇ ಇರಬಹುದು. ಸೋತರೆ ಆ ಫಲಕ ಬಾಗಿಲಲ್ಲಿ ನಿಲ್ಲುತ್ತದೆ, ನಾನು ದಿನವೂ ಅದರ ಕೆಳಗೆ ತಲೆ ತಗ್ಗಿಸಿಕೊಂಡು ಒಳಗೆ ಹೋಗಬೇಕು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೊರಡುವಾಗ ಅಕ್ಕ ಮತ್ತೆ ಕೇಳಿದಳು. ಆಗಲ್ಲ ಅಕ್ಕ ಎಂದೆ. ಅವಳು ಬಾಗಿಲವರೆಗೂ ಬರಲಿಲ್ಲ.

ಭಾನುವಾರ ಪುರಭವನ ಕಿಕ್ಕಿರಿದಿತ್ತು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತವರೂ ಇದ್ದರು. ಅಕ್ಕ ಮುಂದಿನ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಭಾವ ಇಸ್ತ್ರಿಯ ಶರ್ಟ್ ಹಾಕಿದ್ದರು. ಮೈಕ್ ಹಿಡಿದ ಕೂಡಲೇ ಅವರಿಗೆ ವಯಸ್ಸು ಇಳಿಯಿತು.

ಅವರು ಚೆನ್ನಾಗಿಯೇ ಮಾತಾಡಿದರು, ಅದನ್ನು ಹೇಳಲೇಬೇಕು. ಒಂದೊಂದು ತೊಲೆ ಎಷ್ಟು ಆನೆಗಳ ತೂಕ ಎಂದು ಲೆಕ್ಕ ಹಾಕಿ ತೋರಿಸಿದರು. ಆ ಕಾಲದಲ್ಲಿ ಕ್ರೇನ್ ಇತ್ತಾ ಎಂದು ಕೇಳಿ, ಮಕ್ಕಳನ್ನು ಕೇಳುವ ಹಾಗೆ ಉತ್ತರಕ್ಕೆ ಕಾದರು. ಇಲ್ಲ ಎಂದರು ಜನ.

"ನಮ್ಮ ಜನರ ಕೈಯಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ? ಮಾರುಕಟ್ಟೆ ಹತ್ರ ಹೋದ ವರ್ಷ ಚರಂಡಿ ಕಟ್ಟಿದ್ರು. ನೀರು ಎತ್ತ ಕಡೆ ಹರಿಯುತ್ತೆ?"

"ಹಿಂದಕ್ಕೆ," ಎಂದಿತು ಇಡೀ ಸಭೆ, ನಗುತ್ತಾ.

"ಚರಂಡಿ ನೆಟ್ಟಗೆ ಕಟ್ಟೋಕೆ ಬಾರದವರ ಅಜ್ಜಂದಿರು ಇಂಥದ್ದು ಕಟ್ಟಿದ್ರು ಅಂದ್ರೆ ನಂಬ್ತೀರಾ? ಒಂದು ಕೂದಲೆಳೆಯಷ್ಟು ತಪ್ಪಿಲ್ಲ ಅದ್ರಲ್ಲಿ. ಇನ್ನೊಂದು ಹೇಳ್ತೀನಿ. ಮಂಟಪದ ನಟ್ಟನಡುವೆ ತೊಲೆ ಮೇಲೆ ಒಂದು ಹಲ್ಲಿ ಇದೆ. ಇಡೀ ಕಟ್ಟಡದಲ್ಲಿ ಅದೊಂದೇ ಪ್ರಾಣಿ. ಯಾಕೆ? ಅದರ ಬಾಲ ಒಂದು ನಕ್ಷತ್ರದ ಕಡೆಗೆ ತಿರುಗಿದೆ. ಬಂದವರು ತಮ್ಮ ವಿಳಾಸ ಬಿಟ್ಟು ಹೋಗಿದ್ದಾರೆ."

ಚಪ್ಪಾಳೆ ಬಿತ್ತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಕೇಳಿದ್ದೆ. ಹಿತ್ತಲಿನವರೇ ಅದಕ್ಕೆ ಚಪ್ಪಾಳೆ ತಟ್ಟುವುದನ್ನು ಅವತ್ತು ಕಂಡೆ. ಅಲ್ಲಿಯವರೆಗೆ ನನಗೆ ಸ್ವಲ್ಪ ಅಳುಕಿತ್ತು. ಚರಂಡಿಯ ಮಾತು ಕೇಳಿದ ಮೇಲೆ ಅಳುಕು ಹೋಗಿ ಸಿಟ್ಟು ಬಂತು.

ನಾನು ಎದ್ದು ಪರದೆಯ ಮೇಲೆ ಫೋಟೊಗಳನ್ನು ತೋರಿಸಿದೆ. ಮೊದಲು ಊರಾಚೆಯ ಬಂಡೆ. ಅದರಲ್ಲಿ ಸಾಲಾಗಿ ತೋಡಿದ ಚಿಕ್ಕಚಿಕ್ಕ ಗುಳಿಗಳು, ಪಕ್ಕದಲ್ಲೇ ಅರ್ಧ ಸೀಳಿ ಬಿಟ್ಟ ಒಂದು ತೊಲೆ.

"ಈ ಗುಳಿಗಳಲ್ಲಿ ಒಣಮರದ ಬೆಣೆ ಹೊಡೆದು ನೀರು ಹಾಕ್ತಿದ್ರು. ಮರ ಉಬ್ಬಿದಾಗ ಬಂಡೆ ಸೀಳುತ್ತೆ. ಈ ತೊಲೆ ಓರೆಯಾಗಿ ಸೀಳಿತು, ಬೈಕೊಂಡು ಬಿಟ್ಟು ಹೋದ್ರು. ನಕ್ಷತ್ರ ದಾಟಿ ಬರೋವಷ್ಟು ಬುದ್ಧಿ ಇದ್ದವರು ಇಲ್ಲಿ ಬಂದು ಮರದ ಬೆಣೆ ಹೊಡೀತಾ ಕೂತಿದ್ರಾ? ಮೇಲಕ್ಕೆ ಹೇಗೆ ಏರಿಸಿದ್ರು ಅಂದ್ರೆ, ಮಣ್ಣು ಸುರಿದು ಇಳಿಜಾರು ಮಾಡಿ ಉರುಳಿಸ್ಕೊಂಡು ಹೋದ್ರು. ಕೆಲಸ ಮುಗಿದ ಮೇಲೆ ತೆಗೆದು ಹಾಕಿದ ಆ ಮಣ್ಣೇ ಮಂಟಪದ ಹಿಂದುಗಡೆ ದಿಬ್ಬವಾಗಿ ಬಿದ್ದಿದೆ. ನಾವು ಅಗೆದು ನೋಡಿದ್ವಿ. ಒಳಗೆ ಕಲ್ಲುಚೂರು, ಸವೆದ ಉಳಿ, ಒಡೆದ ನೀರಿನ ಮಡಕೆ ಎಲ್ಲ ಸಿಕ್ಕಿತು."

"ಬೇರೆ ಗ್ರಹದವರಿಗೂ ಬಾಯಾರಿಕೆ ಆಗುತ್ತೆ," ಎಂದರು ಭಾವ. ಜನ ನಕ್ಕರು. ಅವರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

"ಆಗಬಹುದು ಭಾವ. ಈಗ ನಿಮ್ಮ ಹಲ್ಲಿಗೆ ಬರ್ತೀನಿ."

ಹಲ್ಲಿಯ ಫೋಟೊ ಹಾಕಿದೆ. ಎಡಕ್ಕೆ ಬಳ್ಳಿ, ಬಲಕ್ಕೆ ಬಳ್ಳಿ, ನಡುವೆ ಅದು.

"ಕೂದಲೆಳೆಯಷ್ಟೂ ತಪ್ಪಿಲ್ಲ ಅಂದ್ರಿ. ನಾನು ಪ್ರತಿಯೊಂದು ತೊಲೆ ಅಳೆದಿದ್ದೀನಿ. ಈ ಕಡೆಯಿಂದ ನಡುವಿನವರೆಗೆ ಬಳ್ಳಿಯ ಸುತ್ತುಗಳೆಲ್ಲ ಒಂದೇ ಅಳತೆ. ಆ ಕಡೆಯಿಂದ ನಡುವಿನವರೆಗೂ ಒಂದೇ ಅಳತೆ. ಆದ್ರೆ ಈ ಅಳತೆ ಬೇರೆ, ಆ ಅಳತೆ ಬೇರೆ. ಆ ಕಡೆಯದು ಸ್ವಲ್ಪ ಗಿಡ್ಡ. ಯಾಕೆಂದ್ರೆ ಕೆತ್ತಿದ್ದು ಎರಡು ತಂಡ, ಎರಡೂ ತುದಿಯಿಂದ ಶುರು ಮಾಡಿದ್ರು, ಇಬ್ಬರ ಹತ್ರಾನೂ ಅವರವರದ್ದೇ ಅಳತೆಕೋಲು. ಎರಡು ಕೋಲನ್ನ ಪಕ್ಕಪಕ್ಕ ಇಟ್ಟು ನೋಡೋಣ ಅಂತ ಯಾರಿಗೂ ಹೊಳೀಲಿಲ್ಲ. ನಡುವೆ ಬಂದು ಸೇರುವಾಗ ಈ ಬಳ್ಳಿ ಮೇಲಕ್ಕೆ ಹೋಗ್ತಿದೆ, ಆ ಬಳ್ಳಿ ಕೆಳಕ್ಕೆ ಇಳೀತಿದೆ, ಕೂಡೋದೇ ಇಲ್ಲ. ಅವತ್ತು ಅಲ್ಲಿ ಎಂಥ ಜಗಳ ನಡೆದಿರಬೇಕು ಅಂತ ನೀವೇ ಯೋಚನೆ ಮಾಡಿ. ನಿನ್ನ ಕೋಲು ಸರಿ ಇಲ್ಲ, ನಿಮ್ಮಪ್ಪನ ಕೋಲು ಸರಿ ಇಲ್ಲ ಅಂತ. ಕೊನೆಗೆ ಯಾರೋ ಒಬ್ಬ ಜಾಣ ಆ ಜಾಗದ ಮೇಲೆ ಹಲ್ಲಿ ಕೆತ್ತಿ ಮುಚ್ಚಿಬಿಟ್ಟ. ಅದು ವಿಳಾಸ ಅಲ್ಲ, ತೇಪೆ."

ಒಂದು ಕ್ಷಣ ಎಲ್ಲರೂ ಪರದೆಯನ್ನೇ ನೋಡಿದರು. ಆಮೇಲೆ ನಗು ಎದ್ದಿತು. ಇದು ಬೇರೆ ಬಗೆಯ ನಗು, ತಮ್ಮ ಮನೆಯವನ ಕಿತಾಪತಿ ಕೇಳಿ ನಗುವ ಹಾಗೆ.

"ಬೇರೆ ಗ್ರಹದವರಾಗಿದ್ರೆ ಒಂದೇ ಕೋಲು ತರ್ತಿದ್ರು," ಎಂದೆ. "ಇವರು ನಮ್ಮವರೇ. ಇವರ ಚರಂಡಿಯೂ ಹಿಂದಕ್ಕೆ ಹರಿಯುತ್ತೆ, ಇವರಿಗೆ ಮಂಟಪವೂ ಕಟ್ಟೋಕೆ ಬರುತ್ತೆ. ತಪ್ಪು ಮಾಡಿದವರು ನಾವು, ಸರಿ ಮಾಡಿದವರು ಬೇರೆ ಯಾರೋ ಅನ್ನೋದನ್ನ ನಾನು ಒಪ್ಪಲ್ಲ."

ಚಪ್ಪಾಳೆ ನಿಲ್ಲುವ ಮೊದಲೇ ಭಾವ ಎದ್ದರು. ಅವರ ಮುಖ ಕೆಂಪಾಗಿತ್ತು. ಎಷ್ಟೋ ವರ್ಷ ಬೇರೆಯವರ ತಪ್ಪಿಗೆ ಕೆಂಪು ಗೀಟು ಎಳೆದ ಕೈಯಿಂದ ಮೈಕ್ ಎಳೆದುಕೊಂಡರು.

"ಈಕೆ ಯಾರು ಅಂತ ನಿಮಗೆಲ್ಲ ಗೊತ್ತಲ್ಲ, ನನ್ನ ನಾದಿನಿ," ಎಂದರು. "ಒಂಬತ್ತನೇ ಕ್ಲಾಸಲ್ಲಿ ಇವಳು ಪರೀಕ್ಷೆಯಲ್ಲಿ ಒಂದು ಲೆಕ್ಕವನ್ನ ಪುಸ್ತಕದಲ್ಲಿ ಇಲ್ಲದ ದಾರಿಯಲ್ಲಿ ಮಾಡಿದ್ಲು. ಇವಳ ಮೇಷ್ಟ್ರು ನಂಬಲಿಲ್ಲ. ಯಾರು ಮಾಡಿಕೊಟ್ರು ಹೇಳು ಅಂತ ಹೊರಗೆ ನಿಲ್ಲಿಸಿದ್ರು. ಬಿಸಿಲಲ್ಲಿ ಅಳ್ತಾ ನಿಂತಿದ್ಲು. ನಾನು ನನ್ನ ಕ್ಲಾಸ್ ಬಿಟ್ಟು ಓಡಿಬಂದೆ, ಜಗಳ ಆಡಿದೆ. ನಾನು ಬರದೇ ಇದ್ದಿದ್ರೆ ಇವಳು ಅವತ್ತೇ ಶಾಲೆ ಬಿಡ್ತಿದ್ಲು. ಇವಳನ್ನ ಕಟ್ಟಿದ್ದು ನಾನು. ಮೇಲಿನವರು ಒಬ್ರು ಬಂದು ಕೈ ಹಿಡಿದು ಎತ್ತದೆ ಯಾರೂ ತಾವಾಗಿ ಮೇಲೆ ಬರಲ್ಲ. ಇವಳೂ ಅಷ್ಟೇ, ಇವಳ ಕಲ್ಲುಕುಟಿಗರೂ ಅಷ್ಟೇ."

ಅಕ್ಕ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಈ ಕಥೆಯನ್ನು ಅವರು ಮನೆಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಹೆಮ್ಮೆಯಿಂದ ಕೂರುತ್ತಿದ್ದೆ. ನನ್ನ ತಲೆಯ ಮೇಲೆ ಬಡಿಯಲು ಅದನ್ನು ಎತ್ತಿದ್ದು ಇದೇ ಮೊದಲು. ಸುಮ್ಮನೆ ಕೂತಿದ್ದರೆ ಅವರ ಮಾನ ಉಳಿಯುತ್ತಿತ್ತು. ಅಕ್ಕ ಬೇಡಿದ್ದೂ ಅಷ್ಟನ್ನೇ. ಕೂರುವುದು ನನ್ನಿಂದ ಆಗಲಿಲ್ಲ.

"ನೀವು ಬಂದ್ರಿ ಭಾವ," ಎಂದೆ. "ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಬಂದು ಆ ಮೇಷ್ಟ್ರಿಗೆ ಏನು ಹೇಳಿದ್ರಿ? ನೀವು ಅದನ್ನ ಬಿಟ್ರಿ, ನಾನು ಹೇಳ್ತೀನಿ. 'ಲೆಕ್ಕ ಮಾಡಿದವಳು ನಿಮ್ಮ ಎದುರಿಗೇ ನಿಂತಿದ್ದಾಳೆ. ಅವಳನ್ನ ಬಿಟ್ಟು ಬೇರೆ ಯಾರನ್ನ ಹುಡುಕ್ತಿದ್ದೀರಿ' ಅಂದ್ರಿ. ಆಮೇಲೆ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡ್ ಹತ್ರ ಕಳಿಸಿದ್ರಿ. ನೀವು ಒಂದಕ್ಷರ ಹೇಳಿಕೊಡಲಿಲ್ಲ. ಲೆಕ್ಕ ಮಾಡಿದ್ದು ನಾನು."

ಭಾವ ನನ್ನನ್ನೇ ನೋಡುತ್ತಾ ನಿಂತರು. ಈ ಮನುಷ್ಯನಿಗೆ ಹಠ ಗೊತ್ತು, ಸಿಟ್ಟು ಗೊತ್ತು, ಬೇರೆ ಗ್ರಹದವರ ಸಂಸಾರವೆಲ್ಲ ಗೊತ್ತು. ತಾವು ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ಮಾತ್ರ ಅವರಿಗೆ ಜನ್ಮದಲ್ಲಿ ಬಂದದ್ದಲ್ಲ.

"ಹೌದು," ಎಂದರು. ಮೈಕನ್ನು ಬಾಯಿಯ ಹತ್ತಿರ ತಂದು, ಹಿಂದಿನ ಸಾಲಿಗೂ ಕೇಳುವ ಹಾಗೆ ಮತ್ತೆ ಹೇಳಿದರು. "ಲೆಕ್ಕ ಇವಳೇ ಮಾಡಿದ್ಲು. ಪೂರ್ತಿ. ನಾನು ಬಾಗಿಲಲ್ಲಿ ನಿಂತಿದ್ದೆ ಅಷ್ಟೇ."

ಬೆನ್ನು ಬಗ್ಗಿಸದೆ ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತರು. ಮುರಿದುಹೋದ ಮನುಷ್ಯನ ಹಾಗೆ ಅವರು ಕಾಣಲಿಲ್ಲ. ಅಕ್ಕನೂ ನಾನೂ ಅವರನ್ನು ಅಷ್ಟು ಹಗುರವೆಂದು ತಿಳಿದಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಸಾಲುಕಂಬ ಕಟ್ಟಿದವರು ಮನುಷ್ಯರೇ ಅನ್ನುವವರು ಕೈ ಎತ್ತಿ ಎಂದರು. ಅವರ ದನಿಯಲ್ಲೇ ಉತ್ಸಾಹ ಇರಲಿಲ್ಲ. ಒಂದೊಂದಾಗಿ ಕೈಗಳು ಎದ್ದವು, ಆಮೇಲೆ ಒಟ್ಟೊಟ್ಟಿಗೆ ಎದ್ದವು. ಭಾವ ಎರಡೂ ಕೈಗಳನ್ನು ಕಂಕುಳಲ್ಲಿ ಕಟ್ಟಿಕೊಂಡು ಪರದೆಯ ಮೇಲಿನ ಹಲ್ಲಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಅವರು ಎತ್ತುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ.

ಅವರ ಪಕ್ಕದಲ್ಲಿ ಅಕ್ಕ ಕೈಚೀಲವನ್ನು ತೊಡೆಯಿಂದ ತೆಗೆದು ಅವರ ತೊಡೆಯ ಮೇಲಿಟ್ಟಳು. ಆಮೇಲೆ ಕೈ ಎತ್ತಿದಳು. ಅಧ್ಯಕ್ಷರು ಸಾಕು, ಇಳಿಸಿ ಎಂದ ಮೇಲೂ ಅವಳು ಸ್ವಲ್ಪ ಹೊತ್ತು ಇಳಿಸಲಿಲ್ಲ.