ಬೆಂಕಿಪೊಟ್ಟಣದ ಕಾರು

"ಇದು ಗುಡ್ಡ" ಎಂದು ಹೊನ್ನೂರುಸ್ವಾಮಿ ಸಕ್ಕರೆ ಡಬ್ಬಿಯನ್ನು ಟೇಬಲ್ಲಿನ ನಡುವೆ ಕುಕ್ಕಿದ. "ಇದು ಊರಮ್ಮನ ಕಲ್ಲು" ಎಂದು ಅದರ ಮಗ್ಗುಲಿಗೆ ಖಾಲಿ ಚಹಾದ ಗ್ಲಾಸು ಇಟ್ಟ. ಆಮೇಲೆ ಎರ್ರಿಯಪ್ಪನ ಜೇಬಿಗೇ ಕೈಹಾಕಿ ಬೆಂಕಿಪೊಟ್ಟಣ ತೆಗೆದು, ಡಬ್ಬಿಯನ್ನು ಬಳಸಿಕೊಂಡು ಎರಡು ಬೆರಳಿನಲ್ಲಿ ಓಡಿಸತೊಡಗಿದ. "ಈಗ ನೋಡ್ರಿ. ತಿರುವು ಇನ್ನ ದೂರ ಐತಿ ಅನ್ನೂವಾಗಲೇ ಬ್ರೇಕ್ ಒತ್ತಬೇಕು. ಆ ಹುಡುಗ ತಿರುವಿಗೆ ಬಂದ ಮ್ಯಾಲೆ ಒತ್ಯಾನ. ಅಲ್ಲಿಗೆ ಮುಗೀತು."

ಬೆಂಕಿಪೊಟ್ಟಣ ಗ್ಲಾಸಿಗೆ ಬಡಿದು ಮಗುಚಿಕೊಂಡಿತು. ನೋಡುತ್ತಿದ್ದವರು ಲೊಚಗುಟ್ಟಿದರು.

ಗಾದಿಗನೂರಿನ ಹೆದ್ದಾರಿ ಬದಿಗಿದ್ದ ಭರಮಮ್ಮನ ಹೋಟೆಲಿನಲ್ಲಿ ಆ ಸೋಮವಾರ ಒಗ್ಗರಣೆ ಮಂಡಕ್ಕಿ, ಮಿರ್ಚಿಗಿಂತ ಹೆಚ್ಚು ಖರ್ಚಾದದ್ದು ಮಾತು. ಹಿಂದಿನ ದಿನ ಗಣಿಯಿಂದ ಹೆದ್ದಾರಿಗೆ ಇಳಿಯುವ ಘಾಟಿನಲ್ಲಿ ಕಾರು ರೇಸು ನಡೆದಿತ್ತು. ಅದಿರಿಗೆ ಚಿನ್ನದಂಥ ಬೆಲೆ ಬಂದ ಮೇಲೆ ಹೊಸಪೇಟೆಯಲ್ಲಿ ಏನೇನೋ ಹುಟ್ಟಿಕೊಂಡಿದ್ದವು. ಮಾಲೀಕರ ಮಕ್ಕಳ ಮೋಟಾರು ಕ್ಲಬ್ಬು ಅದರಲ್ಲೊಂದು. ಒಂದು ಭಾನುವಾರದ ಮಟ್ಟಿಗೆ ಲಾರಿಗಳನ್ನೆಲ್ಲ ನಿಲ್ಲಿಸಿ, ದಾರಿಗೆ ಹಗ್ಗ ಕಟ್ಟಿ, ಕಾರುಗಳನ್ನು ಒಂದಾದ ಮೇಲೊಂದರಂತೆ ಬಿಟ್ಟಿದ್ದರು. ಮೊದಲು ಬಿಟ್ಟ ಕಾರೇ ಊರಮ್ಮನ ತಿರುವಿನಲ್ಲಿ ಮೂರು ಪಲ್ಟಿ ಹೊಡೆದಿತ್ತು. ಅದನ್ನು ಓಡಿಸುತ್ತಿದ್ದವನು ಹೊಸಪೇಟೆಯ ಗ್ಯಾರೇಜೊಂದರ ಮೆಕ್ಯಾನಿಕ್ ಮಲ್ಲೇಶ್. ಮಾಲೀಕರ ಮಗನ ಕಾರನ್ನು ರಿಪೇರಿ ಮಾಡುತ್ತ, ಸರಿಯಾಯಿತೋ ಇಲ್ಲವೋ ಎಂದು ಓಡಿಸಿ ನೋಡುತ್ತ, ಕೊನೆಗೆ ಮಾಲೀಕರ ಮಗನಿಗಿಂತ ಚೆನ್ನಾಗಿ ಓಡಿಸಲು ಕಲಿತವನು. ಅವನನ್ನು ನೋಡಲೆಂದೇ ಕೊಯಮತ್ತೂರಿನ ರೇಸ್ ತಂಡದವರಿಬ್ಬರು ಬಂದು ಲಾಡ್ಜಿನಲ್ಲಿ ಇಳಿದಿದ್ದರು. ಕೈ ಪಳಗಿದವನು ಎಂದು ಅವರಿಗೆ ಅನ್ನಿಸಿದ್ದರೆ ಅವರ ಕಾರು ಓಡಿಸುವ ಕೆಲಸ ಮಲ್ಲೇಶನದಾಗುತ್ತಿತ್ತು. ಈಗ ಅವನು ಭುಜದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಅವರು ಸಂಜೆಯ ರೈಲಿಗೆ ಹೊರಟು ನಿಂತಿದ್ದರು.

ಕಾರು ಮಗುಚಿದ್ದನ್ನು ಹೋಟೆಲಿನಲ್ಲಿದ್ದ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಅದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಹುಡುಗ ಕುಡಿದಿದ್ದ ಎಂದರು, ರಾತ್ರಿ ನಿದ್ದೆಗೆಟ್ಟಿದ್ದ ಎಂದರು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವವನು ತಪ್ಪು ಓದಿದ ಎಂದರು. ಅಕ್ಕಿ ಗಿರಣಿಯ ಎರ್ರಿಯಪ್ಪ ಹುಟ್ಟಿದಾಗಿನಿಂದ ಸೈಕಲ್ ಕೂಡ ತುಳಿದವನಲ್ಲ; ಅವನು ಟೈರಿನ ಗಾಳಿಯ ಬಗ್ಗೆ ಕಾಲು ಗಂಟೆ ಮಾತಾಡಿದ. ಆದರೆ ಕೊನೆಯ ಮಾತು ಹೊನ್ನೂರುಸ್ವಾಮಿಯದೇ. ಅವನು ಆರು ವರ್ಷದಿಂದ ಅದೇ ಘಾಟಿನಲ್ಲಿ ನೀರಿನ ಟ್ಯಾಂಕರ್ ಓಡಿಸಿ, ಲಾರಿಗಳು ಎಬ್ಬಿಸುವ ಕೆಂಧೂಳನ್ನು ಅಡಗಿಸುವವನು. ಜೊತೆಗೆ ಯಾವುದೇ ಸಂಗತಿ ಯಾಕೆ ಹಾಗಾಯಿತು ಎಂದು ತಿಳಿಯುವವರೆಗೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮನೆಯ ಗಡಿಯಾರ ನಿಂತದ್ದು ಯಾಕೆಂದು ನೋಡಲು ಬಿಚ್ಚಿದವನು, ಕಾರಣ ಸಿಕ್ಕಿತೆಂದು ಸಂತೋಷಪಟ್ಟು, ಗಡಿಯಾರವನ್ನು ಇವತ್ತಿಗೂ ಜೋಡಿಸಿಲ್ಲ.

ಅಷ್ಟರಲ್ಲಿ ಪೇಪರು ಬಂತು. ಮೂರನೆಯ ಪುಟದಲ್ಲಿ ಬಣ್ಣದ ಫೋಟೊ: ನಾಲ್ಕೂ ಚಕ್ರ ಮೇಲೆ ಮಾಡಿಕೊಂಡು ಬಿದ್ದ ಕಾರು, ಸುತ್ತ ಜನ. ಎಲ್ಲರೂ ಕಾರಿನ ಮೇಲೆ ಮುಗಿಬಿದ್ದರು. ರಸ್ತೆಯ ಮೇಲಿನ ಕಪ್ಪು ಕಲೆಯನ್ನು ತೋರಿಸಿ, ಎಂಜಿನ್ನಿನ ಆಯಿಲ್ ಹೆಂಗ ಹರದೈತಿ ನೋಡ್ರಿ ಎಂದ ಎರ್ರಿಯಪ್ಪ. ಭರಮಮ್ಮ ಮಾತ್ರ ಸೆರಗಿನಿಂದ ಕೈ ಒರೆಸಿಕೊಂಡು ಫೋಟೊದ ಮೂಲೆಯ ಮೇಲೆ ಬೆರಳಿಟ್ಟಳು.

"ನಮ್ಮವ್ವ ಎಷ್ಟು ಲಕ್ಷಣಾಗಿ ಕಾಣಾಕತ್ತಾಳ ನೋಡಪ" ಎಂದಳು. "ಸುತ್ತೆಲ್ಲ ಕೆಂಪು, ಆಕಿ ಒಬ್ಬಾಕಿ ಸ್ವಚ್ಛ."

ಹೊನ್ನೂರುಸ್ವಾಮಿಗೆ ಮೊದಲು ಹೆಮ್ಮೆಯೇ ಆಯಿತು. ಗಿಡ, ಬಂಡೆ, ನಿಂತವರ ಅಂಗಿ ಎಲ್ಲ ಅದಿರಿನ ಬಣ್ಣಕ್ಕೆ ತಿರುಗಿದ್ದ ಆ ಚಿತ್ರದಲ್ಲಿ ಊರಮ್ಮನ ಕಲ್ಲು ಮಾತ್ರ ಎಣ್ಣೆ ಹಚ್ಚಿದಂತೆ ಕರ‍್ರಗೆ ಮಿಂಚುತ್ತಿತ್ತು. ಮಿಂಚದೆ ಏನು? ತೊಳೆದವನು ಅವನೇ. ಆರು ವರ್ಷದಿಂದ ದಿನಾ ಬೆಳಿಗ್ಗೆ ಆ ತಿರುವಿನಲ್ಲಿ ಟ್ಯಾಂಕರ್ ನಿಲ್ಲಿಸಿ, ಪೈಪು ಬಿಟ್ಟು ಅವಳ ಮೈಮೇಲಿನ ಧೂಳು ತೊಳೆದು, ನೀರು ಹರಿಯುತ್ತಿರುವಾಗಲೇ ಗುಡ್ಡದ ಮೇಲಿನಿಂದ ನಾಲ್ಕು ಕಣಗಿಲೆ ಹೂವು ಕಿತ್ತು ತಂದು ಇಡುವವನು. ಭಾನುವಾರ ರಸ್ತೆಗೆ ಯಾವ ಗಾಡಿಯೂ ಇಳಿಯಕೂಡದು ಎಂದು ಕಂಪನಿಯ ಅಪ್ಪಣೆಯಿತ್ತು. ಆದರೆ ಪರವೂರಿನವರು ಬರುವ ದಿನ ಅವ್ವ ಧೂಳು ಮೆತ್ತಿಕೊಂಡು ಕೂತಿರಬೇಕೇ ಎಂದು ಅವನ ಮನಸ್ಸು ಒಪ್ಪಲಿಲ್ಲ. ದೇವರ ಕೆಲಸ ಎಂದು ಕಾವಲಿನವನು ಹಗ್ಗ ಎತ್ತಿದ್ದ. ಎಂಟಕ್ಕೆ ತೊಳೆದು ಬಂದಿದ್ದ. ಎಂಟೂವರೆಗೆ ರೇಸು ಶುರುವಾಗಿತ್ತು.

ಅವನು ಆ ಕಪ್ಪು ಕಲೆಯನ್ನು ಮತ್ತೆ ನೋಡಿದ. ಅದು ಕಾರಿನ ಕೆಳಗಿನಿಂದ ಹರಿದಿರಲಿಲ್ಲ. ಕಲ್ಲಿನ ಬುಡದಿಂದ ಹೊರಟು ರಸ್ತೆಯನ್ನು ಅಡ್ಡಡ್ಡ ದಾಟಿತ್ತು. ಹೊನ್ನೂರುಸ್ವಾಮಿ ಪೇಪರನ್ನು ಮಡಿಸಿ ಬದಿಗಿಟ್ಟ.

"ಏನಪ, ಬ್ರೇಕ್ ಯಾವಾಗ ಒತ್ತಬೇಕಾಗಿತ್ತು ಅಂದಿ?" ಎಂದು ಆಗಷ್ಟೇ ಬಂದು ಕೂತವನೊಬ್ಬ ಕೇಳಿದ. ಹೊನ್ನೂರುಸ್ವಾಮಿ ಬೆಂಕಿಪೊಟ್ಟಣವನ್ನು ಅದರ ಯಜಮಾನನಿಗೆ ಕೊಟ್ಟು, ಕೆಲಸ ಐತ್ರಿ ಎಂದು ಎದ್ದು ಹೋದ. ಮಾತಿಗೆ ಕರೆದರೂ ಕೂರದೆ ಅವನು ಎದ್ದು ಹೋದದ್ದು ಅದೇ ಮೊದಲು.

ದಾರಿಯುದ್ದಕ್ಕೂ ಅವನು ತನ್ನ ಜೊತೆ ತಾನೇ ವಾದ ಹೂಡಿದ. ಆರು ವರ್ಷ ತೊಳೆದಿದ್ದೇನೆ, ಒಂದು ಲಾರಿಯಾದರೂ ಜಾರಿದೆಯೇ? ಇಲ್ಲ. ಹಾಗಾದರೆ ನೀರಿನದೇನು ತಪ್ಪು? ಈ ವಾದ ಅವನಿಗೆ ಘಾಟಿನ ಬುಡದವರೆಗೂ ಸಮಾಧಾನ ಕೊಟ್ಟಿತು. ತಿರುವಿಗೆ ಬಂದು, ಎಂದಿನಂತೆ ತೊಳೆದು, ಬದಿಗೆ ನಿಂತು ನೋಡಿದ. ನೀರು ರಸ್ತೆಗೆ ಇಳಿಯಿತು. ಒಂದು ಲಾರಿ ಬಂತು, ಹಿಂದೆಯೇ ಇನ್ನೊಂದು, ಆಮೇಲೆ ಸಾಲು. ಹತ್ತು ಹತ್ತು ಚಕ್ರಗಳು ಕೆಸರನ್ನು ತಮಗೆ ಮೆತ್ತಿಕೊಂಡು ಹೋದವು. ಹತ್ತು ನಿಮಿಷದಲ್ಲಿ ರಸ್ತೆ ಒಣಗಿತ್ತು. ಭಾನುವಾರ ಆ ಹತ್ತು ನಿಮಿಷದ ಲಾರಿಗಳು ಬಂದಿರಲಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ತಿಳಿದೇ ತೀರಬೇಕೆಂಬ ಹಾಳು ಬುದ್ಧಿ ಬಿಡಬೇಕಲ್ಲ? ಮಧ್ಯಾಹ್ನ ಊಟದ ಹೊತ್ತಿಗೆ ಲಾರಿಗಳೆಲ್ಲ ತೂಕದ ಕಟ್ಟೆಯಲ್ಲಿ ನಿಂತಾಗ ಮತ್ತೆ ಬಂದು, ಮತ್ತೆ ನೀರು ಬಿಟ್ಟು, ಬೀಡಿ ಸೇದುತ್ತ ಅರ್ಧ ತಾಸು ಕಾದ. ಗುಡ್ಡದ ನೆರಳಿನಲ್ಲಿ ಒದ್ದೆಯ ಕೆಂಪಿಗೂ ಒಣ ಕೆಂಪಿಗೂ ದೂರದಿಂದ ಭೇದ ಕಾಣುತ್ತಿರಲಿಲ್ಲ; ಹತ್ತಿರ ಹೋದರೆ ಮಾತ್ರ ಕಪ್ಪಗೆ ಕಾಣುತ್ತಿತ್ತು. ಆಮೇಲೆ ಚಪ್ಪಲಿ ಬಿಟ್ಟು, ಮಲ್ಲೇಶನ ಕಾರು ಬಂದ ದಿಕ್ಕಿನಿಂದಲೇ ನಾಲ್ಕು ಹೆಜ್ಜೆ ಓಡಿ ಬಂದು, ಕಲೆಯ ಮೇಲೆ ಕಾಲಿಟ್ಟ. ಅದಿರಿನ ಪುಡಿ ನೆನೆದು ಬೆಣ್ಣೆಯಾಗಿತ್ತು. ಅವನು ಕುಂಡಿ ಊರಿ ಬಿದ್ದು, ಕೂತಲ್ಲೇ ರಸ್ತೆಯ ಅಂಚಿನವರೆಗೆ ಜಾರಿ ಹೋದ. ಉತ್ತರ ಸಿಕ್ಕಿತ್ತು. ಗಡಿಯಾರ ಬಿಚ್ಚಿದ ದಿನ ಆದಂಥ ಸಂತೋಷ ಮಾತ್ರ ಆಗಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲ್ಲೇಶ್ ಭುಜಕ್ಕೆ ಪಟ್ಟಿ ಬಿಗಿಸಿಕೊಂಡು ಸೂರು ನೋಡುತ್ತ ಮಲಗಿದ್ದ. ಮೂವತ್ತರ ಹುಡುಗ, ಉಗುರಿನ ಸಂದಿಯ ಗ್ರೀಸು ಆಸ್ಪತ್ರೆಯ ಸೋಪಿಗೂ ಹೋಗಿರಲಿಲ್ಲ. ಒಳಗೆ ಬಂದವನ ಪ್ಯಾಂಟಿನ ಹಿಂಭಾಗವೆಲ್ಲ ಕೆಂಪು ಮೆತ್ತಿದ್ದನ್ನು ಕಂಡು ಅವನೇ ಮೊದಲು ಮಾತಾಡಿಸಿದ.

"ಕುಂದ್ರಿ ಅಣ್ಣಾ. ನೀವು ಎಲ್ಲಿ ಬಿದ್ರಿ?"

"ನೀನು ಬಿದ್ದಲ್ಲೇ" ಎಂದ ಹೊನ್ನೂರುಸ್ವಾಮಿ.

ಕಾಟಿನ ಪಕ್ಕದ ಸ್ಟೂಲಿನ ಮೇಲೆ ಔಷಧದ ಬಾಟಲಿಯನ್ನು ಗುಡ್ಡ ಮಾಡಿ, ಮಾತ್ರೆಯ ಡಬ್ಬಿಯನ್ನು ಊರಮ್ಮ ಮಾಡಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದ. ಮಲ್ಲೇಶ್ ಸಿಟ್ಟಾಗುತ್ತಾನೆ ಎಂದು ಅವನು ಕಾದಿದ್ದ. ಮಲ್ಲೇಶ್ ಕೇಳಿದ್ದೇ ಬೇರೆ. ನೀರು ಎಷ್ಟು ಅಗಲ ಹರಿದಿತ್ತು? ಕಲ್ಲಿನಿಂದ ಎಷ್ಟು ಹೆಜ್ಜೆ? ತಿರುವಿನ ಒಳಮೈಗೋ ಹೊರಮೈಗೋ? ಹೊನ್ನೂರುಸ್ವಾಮಿ ಸ್ಟೂಲಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಶನಿವಾರ ತಿರುವು ತಿರುವಿಗೂ ನಿಂತು ಬರೆದುಕೊಂಡ ಪುಸ್ತಕದಲ್ಲಿ ಅಲ್ಲಿ ಒಣ ನೆಲವೆಂದೇ ಇತ್ತಂತೆ. ಬ್ರೇಕನ್ನು ಹೊತ್ತಿಗೆ ಸರಿಯಾಗಿಯೇ ಒತ್ತಿದ್ದನಂತೆ. ಆದರೆ ನೋಡಲು ಬಂದವರೆಲ್ಲ ತಡವಾಗಿ ಒತ್ತಿದೆ, ತಡವಾಗಿ ಒತ್ತಿದೆ ಎಂದು ಹೇಳಿ ಹೇಳಿ, ಬೆಳಗಾಗುವ ಹೊತ್ತಿಗೆ ಅವನಿಗೂ ಹಾಗೇ ಅನ್ನಿಸತೊಡಗಿತ್ತು.

"ನನ್ನ ಕೈನಾಗ ಆಗಲ್ಲ, ಗ್ಯಾರೇಜ್‌ನಾಗ ಇದ್ರಾತು ಅನ್ಕಂಡಿದ್ದೆ" ಎಂದ ಮಲ್ಲೇಶ್. ಅವನ ಕಣ್ಣಲ್ಲಿ ನೀರು ತುಂಬಿತು.

"ತಡಾಗಿ ಒತ್ಯಾನ ಅಂತ ಊರಿಗೆಲ್ಲ ಮೊದಲು ಹೇಳಿದಾವ ನಾನಾ, ತಮ್ಮಾ" ಎಂದ ಹೊನ್ನೂರುಸ್ವಾಮಿ. ಇದನ್ನು ಹೇಳುವುದು ನೀರಿನ ವಿಷಯ ಹೇಳುವುದಕ್ಕಿಂತ ಕಷ್ಟವಾಯಿತು.

ಮಲ್ಲೇಶ್ ನಕ್ಕ, ನಕ್ಕದ್ದಕ್ಕೆ ಭುಜ ನೊಂದು ಮುಖ ಕಿವುಚಿದ. ಆಮೇಲೆ, ಇದನ್ನು ಇಲ್ಲಿಗೇ ಬಿಡ್ರಿ ಅಣ್ಣಾ, ಲಾಡ್ಜಿಗೆ ಹೋಗಿ ಹೇಳಿದರೆ ನಿಮ್ಮ ಕೆಲಸ ಉಳಿಯುವುದಿಲ್ಲ, ನನಗೆ ತಿಳಿಯಿತಲ್ಲ ಸಾಕು ಎಂದ. ಹಾಗೆ ಹೇಳುವಾಗಲೂ ಅವನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ರೈಲಿಗೆ ಇನ್ನೂ ಮೂರು ತಾಸಿತ್ತು. ಹೊನ್ನೂರುಸ್ವಾಮಿಯೂ ಆ ಗಡಿಯಾರವನ್ನೇ ನೋಡಿ ಎದ್ದ.

ಲಾಡ್ಜಿನ ಇಬ್ಬರಿಗೆ ಕನ್ನಡ ಅರ್ಧ ಬರುತ್ತಿತ್ತು. ಉಳಿದರ್ಧವನ್ನು ಅವನು ತನ್ನ ಪ್ಯಾಂಟು ತೋರಿಸಿ ತಿಳಿಸಿದ. ಅವರು ಅವನನ್ನು ಕಾರಿನಲ್ಲಿ ಹತ್ತಿಸಿಕೊಂಡು ತಿರುವಿಗೆ ಹೋದರು, ಕಲ್ಲಿನ ಬುಡದ ಇಳಿಜಾರು ನೋಡಿದರು, ಕೆಂಪು ಪುಡಿಗೆ ಬಾಟಲಿಯ ನೀರು ಹಾಕಿ ಬೆರಳಲ್ಲಿ ತಿಕ್ಕಿದರು. ಅವನಿಗೆ ಏನೂ ಹೇಳಲಿಲ್ಲ. ರೈಲು ಹತ್ತುವ ಮುನ್ನ ಆಸ್ಪತ್ರೆಗೆ ಹೋಗಿ, ಮೂಳೆ ಕೂಡಿದ ಮೇಲೆ ಬಾ ಎಂದು ಮಲ್ಲೇಶನಿಗೆ ಹೇಳಿದರಂತೆ. ಕಂಪನಿಗೂ ಸುದ್ದಿ ಅದೇ ಸಂಜೆ ಮುಟ್ಟಿತು. ಟ್ಯಾಂಕರಿನ ಬೀಗದ ಕೈ ಇಟ್ಟು ಹೋಗು ಎಂದರು.

ಮಂಗಳವಾರ ಬೆಳಿಗ್ಗೆ ಭರಮಮ್ಮನ ಹೋಟೆಲಿನಲ್ಲಿ ಸಕ್ಕರೆ ಡಬ್ಬಿ, ಗ್ಲಾಸು ಮತ್ತೆ ತಮ್ಮ ತಮ್ಮ ಜಾಗದಲ್ಲಿದ್ದವು. ಹೊನ್ನೂರುಸ್ವಾಮಿ ಗ್ಲಾಸಿನ ಬುಡಕ್ಕೆ ಒಂದಿಷ್ಟು ನೀರು ಚೆಲ್ಲಿ, ಬೆಂಕಿಪೊಟ್ಟಣವನ್ನು ಅದರ ಮೇಲೆ ಜಾರಿಸಿದ. "ನೀರು ಬಿಟ್ಟಾವ ನಾನಾ" ಎಂದ. "ಹುಡುಗಂದೇನೂ ತಪ್ಪಿಲ್ಲ."

ಎಲ್ಲರೂ ಚೆಲ್ಲಿದ ನೀರಿನತ್ತ ಬಗ್ಗಿದರು. ಆಮೇಲೆ ಎರ್ರಿಯಪ್ಪ ಗಂಟಲು ಸರಿಮಾಡಿಕೊಂಡ. ಪೈಪನ್ನು ಅಷ್ಟು ಬಿಡಬಾರದಾಗಿತ್ತು ಎಂದ. ನಲ್ಲಿ ಅರ್ಧ ತಿರುಗಿಸಿದ್ದರೆ ಸಾಕಾಗಿತ್ತು. ಇನ್ನೊಬ್ಬ, ಟ್ಯಾಂಕರನ್ನೇ ಆಚೆ ಬದಿಗೆ ನಿಲ್ಲಿಸಬೇಕಾಗಿತ್ತು ಎಂದ. ಮತ್ತೊಬ್ಬ ಸಕ್ಕರೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಇದು ಟ್ಯಾಂಕರ್ ಅನ್ಕಳ್ರಿ ಎಂದು ಶುರುಮಾಡಿದ. ಹೊನ್ನೂರುಸ್ವಾಮಿ ಎಲ್ಲರ ಮಾತನ್ನೂ ಕೇಳಿಸಿಕೊಂಡ. ಒಬ್ಬಿಬ್ಬರು ಹೇಳಿದ್ದು ಸರಿಯೂ ಇತ್ತು.

"ಇನ್ನ ಅವ್ವಗ ನೀರು ಯಾರು ಹಾಕ್ತಾರಪ?" ಎಂದು ಭರಮಮ್ಮ ಒಲೆಯ ಮುಂದಿನಿಂದ ಕೇಳಿದಳು.

ಅವನು ಅವಳಲ್ಲಿ ಒಂದು ಬಿಂದಿಗೆ ಇಸಿದುಕೊಂಡು ನೀರು ತುಂಬಿ ಹೆಗಲಿಗೇರಿಸಿದ. ಲಾರಿಯೊಂದು ಅವನನ್ನು ತಿರುವಿನವರೆಗೆ ಹತ್ತಿಸಿಕೊಂಡಿತು. ಒಂದೇ ದಿನಕ್ಕೆ ಊರಮ್ಮ ಕೆಂಪಾಗಿದ್ದಳು. ಬೊಗಸೆ ಬೊಗಸೆಯಾಗಿ ನೀರು ಹಾಕಿ ತಿಕ್ಕಿದ; ಕಣಗಿಲೆ ಇಟ್ಟ. ಬುಡದಿಂದ ಸಣ್ಣ ಕೆಂಪು ಗೆರೆಯೊಂದು ರಸ್ತೆಯತ್ತ ಹೊರಟಿತು. ಹೊನ್ನೂರುಸ್ವಾಮಿ ಹೆಗಲ ಮೇಲಿನ ಟವೆಲ್ಲು ತೆಗೆದು, ಮೊಣಕಾಲೂರಿ, ಅದು ಡಾಂಬರು ಮುಟ್ಟುವ ಮೊದಲೇ ಒರೆಸಿ ಹಿಂಡಿದ. ಮೇಲಿನಿಂದ ಲಾರಿಯೊಂದು ಹಾರನ್ ಹಾಕುತ್ತ ಇಳಿಯುತ್ತಿತ್ತು. ಅವನು ಟವೆಲ್ಲಿನ ಒಣ ತುದಿ ಹುಡುಕಿ ಇನ್ನೊಮ್ಮೆ ಒರೆಸಿದ.