ತೊಟ್ಟಿಲ ಕೋಣೆಯ ಗೋಡೆ

“ಈ ಹಸಿರ ಸೀರಿಯಾಕಿ ನೀನ ಏನು?” ತಾಯಿ ಉಚ್ಚಂಗೆವ್ವ ಕಂಪ್ಯೂಟರ್ ಪರದೆಯ ಹತ್ತಿರ ಮುಖ ತಂದು ಕೇಳಿದಳು. ಹೌದೆಂದು ಹೇಳಿ ಮಹೇಶ್ವರಿ ಕೀಲಿಮಣೆಯ ಗುಂಡಿ ಒತ್ತಿದಳು. ಪರದೆಯೊಳಗಿನ ಬೊಂಬೆ ನಾಲ್ಕು ಮೆಟ್ಟಿಲು ಹತ್ತಿ ಕಟ್ಟಡದ ಒಳಗೆ ನಡೆಯಿತು.

ಅದು ೨೦೦೮ರ ಒಂದು ಭಾನುವಾರದ ಮಧ್ಯಾಹ್ನ. ರಾಣೆಬೆನ್ನೂರಿನ ಎಂಜಿನಿಯರೊಬ್ಬರ ಕಚೇರಿಯಲ್ಲಿ ಮಹೇಶ್ವರಿ ಮನೆಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದಳು. ರಜೆಯ ದಿನ ಕಂಪ್ಯೂಟರ್ ಬಳಸಿಕೊಳ್ಳಲು ಅವರು ಬೀಗದ ಕೈ ಕೊಟ್ಟಿದ್ದರು. ಅಂತರ್ಜಾಲದಲ್ಲಿ ಜನ ಬೊಂಬೆಗಳಾಗಿ ಓಡಾಡುವ ಲೋಕವೊಂದಿತ್ತು. ಅಲ್ಲಿ ಮಹೇಶ್ವರಿಯೂ ಸೇರಿ ಬೇರೆ ಬೇರೆ ದೇಶಗಳ ಆರು ಮಂದಿ ಮೂರು ತಿಂಗಳಿಂದ ಒಂದು ಕಟ್ಟಡ ಕಟ್ಟುತ್ತಿದ್ದರು: ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ಮತ್ತು ಅವರ ಕೂಸುಗಳಿಗೆ ವಿಶ್ರಾಂತಿ ಮನೆ. ವಿಷಯ ಸೂಚಿಸಿದವಳು ಮಹೇಶ್ವರಿಯೇ. ಆದರೆ ತಾನು ಆರ್ಕಿಟೆಕ್ಟ್ ಎಂದು ಅವರಿಗೆ ಹೇಳಿದ್ದಳು. ಓದಿದ್ದು ಡಿಪ್ಲೊಮಾ ಎಂಬುದನ್ನಾಗಲಿ, ತಾಯಿಯೇ ಆ ಹೆಂಗಸರಲ್ಲೊಬ್ಬಳು ಎಂಬುದನ್ನಾಗಲಿ ಹೇಳಿರಲಿಲ್ಲ. ವಿನ್ಯಾಸ ಮರುದಿನ ಒಂದು ಪ್ರದರ್ಶನಕ್ಕೆ ಹೋಗುವುದಿತ್ತು. ಅದಕ್ಕೆ ಮೊದಲು ತಾಯಿಗೊಮ್ಮೆ ತೋರಿಸೋಣವೆಂದು ಬ್ಯಾಡಗಿಯಿಂದ ಬಸ್ಸಿನಲ್ಲಿ ಕರೆತಂದಿದ್ದಳು.

ಚಾವಣಿ ಚೆನ್ನಾಗಿದೆ, ಗಾಳಿ ಬರುತ್ತದೆ ಎಂದಳು ಉಚ್ಚಂಗೆವ್ವ. ತೊಟ್ಟಿಲುಗಳ ಕೋಣೆಯ ಮುಂದೆ ಬೊಂಬೆ ನಿಂತಾಗ, ನೀರಿನ ನಳ ಎಲ್ಲಿ ಎಂದು ಕೇಳಿದಳು. ಹಿಂದೆ, ಶೌಚಾಲಯದ ಆಚೆ ಎಂದಳು ಮಗಳು.

“ಮತ್ತ ಖಾರದ ಕೈಲೇನ ಕೂಸಿನ್ನ ಎತ್ಕೋಬೇಕೇನ?” ತಾಯಿಯ ದನಿ ಏರಲಿಲ್ಲ. “ನೀ ಎಂಟು ತಿಂಗಳ ಕೂಸು. ಅಳಾಕತ್ತಿದ್ದಿ ಅಂತ ಓಡಿ ಬಂದು ಎತ್ಕೊಂಡೆ. ಕೈ ತೊಳ್ಕೊಂಡಿರ್ಲಿಲ್ಲ. ಎರಡು ದಿನ ನೀ ಕಣ್ಣ ತೆರೀಲಿಲ್ಲ.”

ಇಪ್ಪತ್ತಾರು ವರ್ಷಗಳಲ್ಲಿ ಈ ಮಾತನ್ನು ಮಹೇಶ್ವರಿ ಕೇಳಿರಲಿಲ್ಲ. ತಾಯಿ ಅವಳತ್ತ ನೋಡದೆ ಪರದೆಯನ್ನೇ ನೋಡುತ್ತಿದ್ದಳು.

ಕೋಣೆಯ ಮುಂದಿನ ಗೋಡೆ ಆ ಆರು ಮಂದಿಯಲ್ಲೊಬ್ಬನಾದ ಲಿಸ್ಬನ್ನಿನ ಪೌಲೋ ಕಟ್ಟಿದ್ದು. ಆ ಲೋಕದಲ್ಲಿ ಕಟ್ಟಿದವರೇ ತಮ್ಮ ಗೋಡೆ ತೆಗೆಯಬೇಕು. ಬೇರೆಯವರ ಕೈಯಲ್ಲಿ ಅದು ಅಲುಗುತ್ತಿರಲಿಲ್ಲ. ಪೌಲೋನ ಬೊಂಬೆಯೂ ಅಲ್ಲೇ ಓಡಾಡುತ್ತಿತ್ತು. ಗೋಡೆ ತೆಗೆದು ಅಲ್ಲಿಗೆ ನಳ ತರೋಣವೆಂದು ಮಹೇಶ್ವರಿ ಇಂಗ್ಲಿಷಿನಲ್ಲಿ ಬರೆದಳು. ಮೂರು ತಿಂಗಳಲ್ಲಿ ಅವಳು ಯಾರಿಗೂ ಎದುರಾಡಿದ್ದಿಲ್ಲ. ಈಗ ಬದಲಾಯಿಸಿದರೆ ಮುಂಭಾಗದ ಅಂದ ಕೆಡುತ್ತದೆ ಎಂದು ಅವನು ಉತ್ತರಿಸಿದ. ನಳ ಅಲ್ಲೇ ಬೇಕೆಂದು ನಿನಗೆ ಹೇಗೆ ಗೊತ್ತು, ಯಾವುದಾದರೂ ಅಧ್ಯಯನವಿದೆಯೇ ಎಂದೂ ಕೇಳಿದ.

“ಏನಂತಾನ ಅಂವಾ?” ಎಂದಳು ತಾಯಿ.

“ನಿನಗ ಹೆಂಗ ಗೊತ್ತು ಅಂತ ಕೇಳಾಕತ್ತಾನ.”

“ಹೇಳು ಮತ್ತ.”

ತಾನು ಆರ್ಕಿಟೆಕ್ಟ್ ಅಲ್ಲ, ನಕ್ಷೆ ಬಿಡಿಸುವವಳು ಎಂದು ಬರೆದಳು. ತಾಯಿ ಪಕ್ಕದಲ್ಲೇ ಕೂತಿದ್ದಾಳೆ, ಮೂವತ್ತು ವರ್ಷದಿಂದ ಅದೇ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುತ್ತಾಳೆ, ಖಾರದ ಕೈ ತಾಗಿ ಕಣ್ಣುರಿದ ಕೂಸು ತಾನೇ ಎಂದು ಬರೆದಳು. ಒಮ್ಮೆ ಓದಿದಳು. ಏನನ್ನೂ ಅಳಿಸದೆ ಕಳಿಸಿದಳು.

ಪೌಲೋನ ಬೊಂಬೆ ಗೋಡೆಯ ಹತ್ತಿರ ಬಂತು. ಆಮೇಲೆ ಗೋಡೆ ಮಾಯವಾಯಿತು. ಒಳಗಿನ ತೊಟ್ಟಿಲುಗಳು ಕಂಡವು. ಪರದೆಯ ಕೆಳಗೆ ಅವನ ಸಾಲು ಮೂಡಿತು: ನಳ ಎಷ್ಟು ಎತ್ತರದಲ್ಲಿರಬೇಕು, ನಿನ್ನ ತಾಯಿಯನ್ನು ಕೇಳು.

ಮಗಳು ಕೇಳಿದಳು. ಉಚ್ಚಂಗೆವ್ವ ಕುರ್ಚಿಯಿಂದ ಎದ್ದು ಸೆರಗು ಸಿಕ್ಕಿಸಿಕೊಂಡಳು. ಖಾರದ ಬೆರಳು ತಾಗಿಸದೆ ನಳ ತಿರುಗಿಸುವವಳ ಹಾಗೆ ಮೊಣಕೈಯನ್ನು ಗಾಳಿಯಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡಿಸಿ ಒಂದು ಕಡೆ ನಿಲ್ಲಿಸಿದಳು. ಮಹೇಶ್ವರಿ ಮೇಜಿನ ಮೇಲಿದ್ದ ಅಳತೆ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಅಲ್ಲಿಯವರೆಗೆ ಎಳೆದಳು. ಅಳತೆ ಓದಿ ಮುಗಿಯುವ ತನಕ ತಾಯಿ ಕೈ ಅಲುಗಿಸದೆ ನಿಂತಿದ್ದಳು.